ಕೊನೇ ಗದ್ದೆಗೂ ತಲುಪುವ ಸಭೆ

1911ರ ಜೂನ್ ತಿಂಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಒಂದು ಸಭೆ ಶುರುವಾಯ್ತು. ಇಂಗ್ಲಿಷಿನಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್, ಕನ್ನಡದಲ್ಲಿ ಸಂಪದಭ್ಯುದಯ ಸಮಾಜ. ಉದ್ಘಾಟನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಇಂಥದೊಂದು ಬೇಕೇ ಬೇಕು ಅಂತ ಪಟ್ಟು ಹಿಡಿದವರು ಆಗಿನ್ನೂ ಚೀಫ್ ಇಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯ. ಮುಂದಿನ ಐದಾರು ವರ್ಷಗಳಲ್ಲಿ ಆ ಸಭೆಯ ಚರ್ಚೆಗಳಿಂದ ಒಂದು ಬ್ಯಾಂಕು ಹುಟ್ಟಿತು, ಒಂದು ವಾಣಿಜ್ಯ ಮಂಡಳಿ ಹುಟ್ಟಿತು, ನಮ್ಮ ಸಾಹಿತ್ಯ ಪರಿಷತ್ತೂ ಹುಟ್ಟಿತು.

ಸಾಫ್ಟ್‌ವೇರ್ ಕೆಲಸದಲ್ಲಿರೋ ನನ್ನಂಥವನಿಗೆ ಈ ಇತಿಹಾಸದ ಮೇಲೆ ಆಸೆ ಬರೋದಕ್ಕೆ ಕಾರಣ ಉಂಟು. ನಮ್ಮ ಆಫೀಸುಗಳಲ್ಲಿ ತಿಂಗಳಿಗೊಂದಾದರೂ ವರ್ಕ್‌ಶಾಪ್ ನಡೀತದೆ. ನೀವೂ ಕೂತಿರ್ತೀರಿ. ಗೋಡೆ ತುಂಬ ಹಳದಿ, ಗುಲಾಬಿ ಚೀಟಿ. ಮಧ್ಯಾಹ್ನ ಬಿರಿಯಾನಿ. ಸಂಜೆ ಎಲ್ಲರೂ ನಿಂತು ಒಂದು ಫೋಟೋ. ಮಾರನೇ ದಿನ ಬೆಳಗ್ಗೆ ಹೌಸ್‌ಕೀಪಿಂಗ್ ಅಕ್ಕ ಆ ಚೀಟಿಗಳನ್ನೆಲ್ಲ ಗುಡಿಸಿ ಕಸದ ಚೀಲಕ್ಕೆ ಹಾಕ್ತಾ ಇರ್ತಾರೆ. ಎರಡು ದಿನ, ಮೂವತ್ತು ಜನ. ಅಂದ್ರೆ ಅರವತ್ತು ಆಳಿನ ಕೆಲಸ. ನಮ್ಮೂರಲ್ಲಿ ಅರವತ್ತು ಆಳು ಅಂದ್ರೆ ಎಕರೆಗಟ್ಟಲೆ ನಾಟಿ ಮುಗೀತದೆ.

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ, ನಾಲೆಯ ಕೊನೇ ಭಾಗದಲ್ಲಿ. 'ಈ ವಾರ ವರ್ಕ್‌ಶಾಪ್ ಇದೆ, ಊರಿಗೆ ಬರೋಕಾಗಲ್ಲ' ಅಂತ ಒಂದ್ಸಲ ಅಪ್ಪನಿಗೆ ಫೋನ್ ಮಾಡಿದ್ದೆ. ಊರಲ್ಲಿ ವರ್ಕ್‌ಶಾಪ್ ಅಂದ್ರೆ ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜು. 'ಅದ್ಯಾಕ್ಲಾ, ನಿಮ್ ಕಂಪ್ನೀಲಿ ಗಾಡಿ ರಿಪೇರಿನೂ ಮಾಡ್ತರಾ?' ಅಂದ್ರು. ಬಿಡಿಸಿ ಹೇಳಿದ ಮೇಲೆ, 'ಪಂಚಾಯ್ತಿ ಸೇರೋದು ಅನ್ನು ಮತ್ತೆ. ಎಲ್ಲಾ ಮುಗುದ್ಮೇಲೆ ಯಾರ್ ಏನ್ ಮಾಡ್ಬೇಕು ಅಂತ ಯಾರ್ ಬರ್ಕತ್ತರೆ?' ಅಂತ ಕೇಳಿದ್ರು. ಈ ವಿಷಯದ ಮೇಲೆ ನಾನು ಮಾಡಿರೋ ಎಷ್ಟೋ ಆನ್‌ಲೈನ್ ಕೋರ್ಸುಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಇರಲಿಲ್ಲ.

ಹಾಗಾದ್ರೆ ನಮ್ಮ ಹಳೇ ಮೈಸೂರಿನವರು ಇದಕ್ಕೆ ಏನು ಉತ್ತರ ಕಂಡುಕೊಂಡಿದ್ದರು? ಮೂರು ಸಭೆಗಳ ಕಥೆ ಹೇಳ್ತೀನಿ. ಮೊದಲ ಎರಡನ್ನು ಸರ್ಕಾರ ಕರೆದದ್ದು. ಮೂರನೆಯದು ಸರ್ಕಾರ ಬೇಡ ಅಂದರೂ ನಡೆದದ್ದು, ಅದೂ ನಮ್ಮ ಮಗ್ಗುಲ ಮದ್ದೂರಿನಲ್ಲಿ.

ಮೊದಲನೆಯದು 1881. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ರಾಜ್ಯ ಆ ವರ್ಷ ಮಾರ್ಚಿಯಲ್ಲಿ ಒಡೆಯರಿಗೆ ವಾಪಸ್ ಬಂದಿತ್ತು. ಮೂರು ವರ್ಷದ ಹಿಂದಷ್ಟೇ ಮುಗಿದಿದ್ದ ಬರಗಾಲ ಲಕ್ಷಾಂತರ ಜನರನ್ನು ನುಂಗಿತ್ತು. ಖಜಾನೆಯಲ್ಲಿ ದುಡ್ಡಿಲ್ಲ, ಸಾಲ ಇದೆ. ಅಂಥ ಹೊತ್ತಲ್ಲಿ ದಿವಾನ್ ರಂಗಾಚಾರ್ಲು ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು, ಪ್ರಜಾಪ್ರತಿನಿಧಿ ಸಭೆ ಕರೆದದ್ದು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಉಳುವ ಜಮೀನಿನ ಒಡೆಯರು, ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರು ಬರಬೇಕು ಅಂತ ಆಜ್ಞೆ ಹೊರಟಿತು. ಅಕ್ಟೋಬರ್ 7ನೇ ತಾರೀಖು ಮೈಸೂರಿನಲ್ಲಿ 144 ಜನ ಸೇರಿದರು.

ತಾರೀಖು ಗಮನಿಸಿ. ಅದು ದಸರಾ ಕಾಲ. ಹೆಂಗಿದ್ದರೂ ಊರೂರಿನವರು ಮೈಸೂರಿಗೆ ಬರ್ತಾರೆ, ಹಬ್ಬಕ್ಕೆ ಬಂದವರು ಸಭೆಗೂ ಬರಲಿ. ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ. ಆಗ ಇಲ್ಲಿಂದ ಹೊರಟ ರೈತ ಗಾಡಿ ಕಟ್ಟಿಕೊಂಡು ಸುಮಾರು ಐವತ್ತು ಕಿಲೋಮೀಟರು ದಾರಿ ಸವೆಸಬೇಕು. ಬರೀ ದಿವಾನರ ಭಾಷಣ ಕೇಳೋಕೆ ಯಾರು ಎತ್ತು ಹೂಡ್ತಾರೆ? ದಸರಾ ನೋಡೋಕಾದರೆ ಹೂಡ್ತಾರೆ. ಸಭೆಯ ದಿನವನ್ನು ಕರೆಯುವವರ ಅನುಕೂಲಕ್ಕಿಂತ ಬರುವವರ ಅನುಕೂಲ ನೋಡಿ ಗೊತ್ತು ಮಾಡುವುದು ಚಿಕ್ಕ ಮಾತೇನಲ್ಲ. ಶುಕ್ರವಾರ ಸಂಜೆ ನಾಲ್ಕಕ್ಕೆ ಮೀಟಿಂಗ್ ಇಡುವ ಮ್ಯಾನೇಜರುಗಳಿಗೆ ಇದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ ಕೊಡಬೇಕು.

ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರು ವರ್ಷದ ಲೆಕ್ಕ ಒಪ್ಪಿಸುತ್ತಿದ್ದರು. ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲು ಹೇಳುತ್ತಿದ್ದರು: ಕೆರೆ ಏರಿ ಒಡೆದಿದೆ, ಕಂದಾಯ ಜಾಸ್ತಿ, ರಸ್ತೆ ಇಲ್ಲ. ಸರ್ಕಾರ ಉತ್ತರ ಕೊಡುತ್ತಿತ್ತು. ಆದರೆ ಒಂದು ಶಿಸ್ತು ಅದಕ್ಕಿತ್ತು. ನಡೆದ ಮಾತೆಲ್ಲ ನಡಾವಳಿಯಾಗಿ ಅಚ್ಚಾಗುತ್ತಿತ್ತು. ಕೇಳಿದ್ದು ಏನು, ಕೊಟ್ಟ ಉತ್ತರ ಏನು ಅನ್ನೋದು ಕಾಗದದ ಮೇಲೆ ಉಳಿಯುತ್ತಿತ್ತು. ಮುಂದಿನ ದಸರಾಕ್ಕೆ ಬಂದವನು 'ಹೋದ ವರ್ಷ ಹಿಂಗಂದಿದ್ರಲ್ಲ ಸ್ವಾಮಿ' ಅಂತ ಕೇಳಬಹುದಿತ್ತು. ಅಧಿಕಾರ ಇಲ್ಲದ ಸಭೆಗೆ ಆ ಅಚ್ಚಾದ ಪುಸ್ತಕವೇ ಬಲ. 1891ರಲ್ಲಿ ಚುನಾವಣೆ ಬಂತು, 1923ರ ಸುಧಾರಣೆಯಲ್ಲಿ ಕಾನೂನಿನ ಆಧಾರ ಸಿಕ್ಕಿತು. ರಂಗಾಚಾರ್ಲು ಮಾತ್ರ 1883ರ ಜನವರಿಯಲ್ಲೇ ತೀರಿಕೊಂಡಿದ್ದರು. ನೋಡಿದ್ದು ಎರಡೇ ಅಧಿವೇಶನ.

ಪ್ರಜಾಪ್ರತಿನಿಧಿ ಸಭೆಯ ತೊಂದರೆ ಏನಂದ್ರೆ, ಅದು ಕೇಳುವ ಸಭೆ. ಕೇಳಿದ್ದು ಕೆಲಸವಾಗೋದಕ್ಕೆ ಬೇರೆ ಯಂತ್ರ ಬೇಕು. ವಿಶ್ವೇಶ್ವರಯ್ಯನವರು ಕಟ್ಟಿದ್ದು ಆ ಯಂತ್ರವನ್ನ.

ಸಂಪದಭ್ಯುದಯ ಸಮಾಜದಲ್ಲಿ ಅಧಿಕಾರಿಗಳ ಜೊತೆಗೆ ಸಾಗುವಳಿದಾರರು, ವರ್ತಕರು, ವಕೀಲರು ಇದ್ದರು. ಎಲ್ಲರೂ ಒಂದೇ ಹಾಲಿನಲ್ಲಿ ಕೂತು ಎಲ್ಲ ವಿಷಯ ಮಾತಾಡುವ ಪದ್ಧತಿ ಬಿಟ್ಟು ಮೂರು ಸಮಿತಿ ಮಾಡಿದರು: ಬೇಸಾಯಕ್ಕೊಂದು, ವಿದ್ಯೆಗೊಂದು, ಕೈಗಾರಿಕೆ ಮತ್ತು ವ್ಯಾಪಾರಕ್ಕೊಂದು. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸಭೆ ವರದಿ ಒಪ್ಪಿಸುವ ಜಾಗ ಮಾತ್ರ. ನಿಜವಾದ ಕೆಲಸ ಎರಡು ಸಭೆಗಳ ನಡುವೆ ಸಮಿತಿಗಳಲ್ಲಿ ನಡೆಯಬೇಕು. ವಿಷಯ ಹಿಡಿದು ವಿಚಾರಿಸಬೇಕು, ಅಂಕಿಅಂಶ ಕೂಡಿಸಬೇಕು, ಶಿಫಾರಸು ಬರೆಯಬೇಕು, ಬಂದು ಒಪ್ಪಿಸಬೇಕು. ಇದರ ಕೆಳಗೆ ಜಿಲ್ಲೆ, ತಾಲ್ಲೂಕು ಮಟ್ಟದಲ್ಲೂ ಪ್ರಗತಿ ಸಮಿತಿಗಳು. 1912ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯ ದಿವಾನರಾದ ಮೇಲಂತೂ ಶಿಫಾರಸು ಬರೆಸಿದವರ ಕೈಗೇ ಜಾರಿ ಮಾಡುವ ಅಧಿಕಾರ ಬಂತು.

ಫಲ ನೋಡಿ. ವ್ಯಾಪಾರಕ್ಕೆ, ಬೇಸಾಯಕ್ಕೆ ಬಂಡವಾಳ ಸಿಗ್ತಿಲ್ಲ ಅನ್ನೋ ಚರ್ಚೆಯಿಂದ 1913ರಲ್ಲಿ ಮೈಸೂರು ಬ್ಯಾಂಕ್. ನಮ್ಮಪ್ಪ ಬೆಳೆಸಾಲ ತಗೊಂಡದ್ದು, ನನ್ನ ಬಿ.ಇ. ಫೀಸಿನ ಡಿ.ಡಿ. ತೆಗೆಸಿದ್ದು ಅದರ ಕುಡಿಯಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ. 2017ರ ಏಪ್ರಿಲಿನಲ್ಲಿ ಅದು ಎಸ್‌ಬಿಐ ಒಳಗೆ ಕರಗಿ ಹೋಯ್ತು, ಆ ಮಾತು ಬೇರೆ. 1916ರಲ್ಲಿ ವಾಣಿಜ್ಯ ಮಂಡಳಿ. ಇನ್ನು ಕನ್ನಡದ ಏಳಿಗೆಗೆ ಏನು ಮಾಡಬೇಕು ಅನ್ನೋ ಚರ್ಚೆ ಸಮಾಜದೊಳಗೆ ಎದ್ದು, ಬೇರೆ ಬೇರೆ ಆಡಳಿತಗಳಲ್ಲಿ ಹಂಚಿ ಹೋಗಿದ್ದ ಕನ್ನಡ ಸೀಮೆಗಳವರನ್ನು ಬೆಂಗಳೂರಿಗೆ ಕರೆಸಿ, 1915ರ ಮೇ 5ರಂದು ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿತು. ಎಚ್.ವಿ. ನಂಜುಂಡಯ್ಯನವರು ಮೊದಲ ಅಧ್ಯಕ್ಷರು. ಸಂಪತ್ತಿನ ಬಗ್ಗೆ ಮಾತಾಡೋಕೆ ಕೂತವರು ಭಾಷೆಗೂ ಒಂದು ಮನೆ ಕಟ್ಟಿ ಎದ್ದರು!

ಅಪ್ಪನ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ಬರೆದುಕೊಳ್ಳೋದಕ್ಕೆ ಸಮಿತಿ ಇತ್ತು, ತಿರುಗಿ ಕೇಳೋದಕ್ಕೆ ಮುಂದಿನ ಸಭೆ ಇತ್ತು. ನಮ್ಮ ಕಡೆ ಕೆರೆಗೆ ನೀರಗಂಟಿ, ನಾಲೆಗೆ ಸೌಡಿ ಇರ್ತಾರೆ. ಕಟ್ಟೆ ತುಂಬಿದ ಮಾತ್ರಕ್ಕೆ ಗದ್ದೆಗೆ ನೀರು ಬರಲ್ಲ. ತೂಬು ಎತ್ತಿ, ಸರದಿ ಪ್ರಕಾರ ಒಂದೊಂದೇ ಕಾಲುವೆಗೆ ಹಾಯಿಸುವ ಮನುಷ್ಯ ಬೇಕು. ಸಭೆಯ ತೀರ್ಮಾನವೂ ಹಂಗೇ. ಹೊಣೆ ಹೊತ್ತು ನಡೆಸುವವನಿಲ್ಲದಿದ್ದರೆ ತೀರ್ಮಾನ ಕಟ್ಟೆಯಲ್ಲೇ ನಿಂತು ಪಾಚಿ ಕಟ್ಟುತ್ತದೆ.

ಇಲ್ಲಿಗೇ ಕಥೆ ಮುಗಿಸಿದ್ದರೆ ಇದು ವಿಶ್ವೇಶ್ವರಯ್ಯನವರ ಜಯಂತಿಯ ಭಾಷಣ ಆಗ್ತಿತ್ತು. ಮಂಡ್ಯದವನಾಗಿ ಅವರ ಫೋಟೋಗೆ ಕೈ ಮುಗಿದೇ ಬೆಳೆದವನು ನಾನು. ನಮ್ಮ ಕಡೆ ಅನ್ನದ ಮಾತು ಬಂದಾಗೆಲ್ಲ ಕನ್ನಂಬಾಡಿಯ ಮಾತು ಬರ್ತದೆ. ಆದರೂ ಕೊನೇ ಭಾಗದ ರೈತನ ಮಗನಿಗೆ ಒಂದು ಅಭ್ಯಾಸ. ನೀರು ಬಿಟ್ಟರು ಅಂತ ಪೇಪರಿನಲ್ಲಿ ಓದಿದ ಕೂಡಲೇ ಕುಣಿಯಲ್ಲ. ನಮ್ಮ ಗದ್ದೆಗೆ ಬಂತಾ ಅಂತ ನೋಡ್ತಾನೆ.

ನಮ್ಮ ತಾಲ್ಲೂಕಿನಲ್ಲೇ ಒಂದು ನಿದರ್ಶನ ಇದೆ. ಬೆಳಕವಾಡಿಯಿಂದ ಸ್ವಲ್ಪ ಮುಂದೆ ಹೋದರೆ ಶಿವನಸಮುದ್ರ. ನಮ್ಮವರು ಬ್ಲಫ್ ಅಂತಾರೆ. 1902ರ ಜೂನ್‌ನಲ್ಲಿ ಅಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರು ತಂತಿ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಷ್ಟುದ್ದದ ವಿದ್ಯುತ್ ಮಾರ್ಗ ಆ ಕಾಲಕ್ಕೆ ಪ್ರಪಂಚದಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅದಾಗಿ ದಶಕಗಳ ನಂತರ ನಮ್ಮಜ್ಜಿ ಮದುವೆಯಾಗಿ ನಮ್ಮೂರಿಗೆ ಬಂದಾಗಲೂ ಮನೆಯಲ್ಲಿ ಉರಿತಿದ್ದದ್ದು ಸೀಮೆಎಣ್ಣೆ ಬುಡ್ಡಿ. ಗಣಿಗೆ ಕೊಟ್ಟದ್ದು ತಪ್ಪು ಅಂತ ನಾನು ಹೇಳಲ್ಲ. ದುಡ್ಡು ಕೊಡುವ ಗಿರಾಕಿ ಇಲ್ಲದೆ ಆ ಯೋಜನೆ ಏಳ್ತಾನೇ ಇರಲಿಲ್ಲ. ಆದರೆ ಕರೆಂಟು ಎಲ್ಲಿಗೆ ಹೋಗಬೇಕು ಅನ್ನೋ ಮಾತು ನಡೆದ ಕಡೆ ಕುರ್ಚಿ ಇದ್ದದ್ದು ಯಾರಿಗೆ ಅಂತ ಕೇಳಿದ್ರೆ ತಂತಿ ಹೋದ ದಾರಿಯೇ ಉತ್ತರ ಹೇಳ್ತದೆ.

ಸಂಪದಭ್ಯುದಯ ಸಮಾಜದ ಕಾಲಕ್ಕೆ ಈ ಕುರ್ಚಿಯ ಪ್ರಶ್ನೆ ಜೋರಾಗಿಯೇ ಎದ್ದಿತು. ಸರ್ಕಾರದ ಹುದ್ದೆಗಳಲ್ಲಿ, ಶಿಫಾರಸು ಬರೆಯುವ ಕುರ್ಚಿಗಳಲ್ಲಿ ಹೆಚ್ಚಿನ ಪಾಲು ಬ್ರಾಹ್ಮಣರದು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಎಣಿಕೆಗಷ್ಟೇ ಸಿಗುತ್ತಿದ್ದರು. ದಲಿತರಂತೂ ಬಾಗಿಲ ಹತ್ತಿರವೂ ಇಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ ಈ ಮಾತನ್ನು ಮಹಾರಾಜರ ಮುಂದಿಟ್ಟಿತು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಜಾತಿ ನೋಡಿ ಹುದ್ದೆ ಕೊಟ್ಟರೆ ದಕ್ಷತೆ ಕುಗ್ಗುತ್ತದೆ ಅನ್ನೋದು ಅವರ ನಿಲುವು. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಮುಂದೆ ಮಿಲ್ಲರ್ ವರದಿ ಜಾರಿಗೆ ಬಂತು.

ಈ ಜಗಳವನ್ನು ಇಬ್ಬರಲ್ಲಿ ಯಾರು ದೊಡ್ಡವರು ಅನ್ನೋ ಕುಸ್ತಿ ಮಾಡಿಕೊಂಡು ಇವತ್ತಿಗೂ ನಮ್ಮಲ್ಲಿ ಕಿತ್ತಾಡುವವರಿದ್ದಾರೆ. ನನಗೆ ಕಾಣೋದು ಇಷ್ಟು: ದಕ್ಷತೆ ಬೇಕು ಅಂದವರು ಕೆಲಸ ಬೇಗ ಆಗಲಿ ಅಂತಿದ್ದರು. ಪಾಲು ಬೇಕು ಅಂದವರು ಯಾವ ಕೆಲಸ ಮೊದಲು ಆಗಬೇಕು ಅಂತ ಹೇಳುವ ಹಕ್ಕು ಕೇಳ್ತಿದ್ದರು. ಎರಡನೇ ಪ್ರಶ್ನೆ ಇತ್ಯರ್ಥ ಆಗದೆ ಮೊದಲನೆಯದನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಜನ ಅದನ್ನು ತಮ್ಮದು ಅಂದುಕೊಳ್ಳಲ್ಲ.

ಹೊರಗೆ ಉಳಿದವರು ಸುಮ್ಮನೆ ಕೂರಲಿಲ್ಲ ಅನ್ನೋದಕ್ಕೆ ಮೂರನೇ ಸಭೆ ಸಾಕ್ಷಿ. ಪ್ರಜಾಮಿತ್ರ ಮಂಡಳಿ, ಅದರ ನಂತರ ಬಂದ ಪ್ರಜಾಪಕ್ಷ ಎರಡೂ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರಲ್ಲಿ ಅದು ಕಾಂಗ್ರೆಸ್ಸಿನ ಜೊತೆ ಕೂಡಿಕೊಂಡಿತು. ಅಲ್ಲೀವರೆಗೆ ಪೇಟೆ ವಕೀಲರ ಪಕ್ಷ ಅನಿಸಿಕೊಂಡಿದ್ದ ಕಾಂಗ್ರೆಸ್ಸಿಗೆ ಹಳ್ಳಿಯ ಬಲ ಬಂತು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಎಲ್ಲಿ ಮಾಡೋದು? ಬೆಂಗಳೂರಲ್ಲಿ ಪುರಭವನ ಇತ್ತು, ಮೈಸೂರಲ್ಲಿ ರಂಗಾಚಾರ್ಲು ಹೆಸರಿನದೇ ಪುರಭವನ ಇತ್ತು. ಅವರು ಆರಿಸಿದ್ದು ಮದ್ದೂರಿನ ಪಕ್ಕ, ಶಿಂಷಾ ದಂಡೆಯ ಶಿವಪುರ. ಬಯಲಲ್ಲಿ ಚಪ್ಪರ.

1938ರ ಏಪ್ರಿಲ್ 11. ಧ್ವಜ ಹಾರಿಸಕೂಡದು ಅಂತ ಸರ್ಕಾರದ ಆಜ್ಞೆ. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಹಾರಿಸಿದರು, ಬಂಧನವಾಯಿತು. ಸುತ್ತಲಿನ ಹಳ್ಳಿಗಳಿಂದ ಜನ ಸಾವಿರಾರು ಲೆಕ್ಕದಲ್ಲಿ ಬಂದಿದ್ದರು. ಎರಡು ವಾರದಲ್ಲಿ, ಏಪ್ರಿಲ್ 25ಕ್ಕೆ ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಮೇ ತಿಂಗಳಲ್ಲಿ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ ಒಪ್ಪಂದ ಆಯ್ತು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಅವಕಾಶ ಸಿಕ್ಕಿತು. 1917ರಿಂದ 1938ಕ್ಕೆ 21 ವರ್ಷ. ಹಾಲಿನೊಳಗೆ ಕುರ್ಚಿ ಕೇಳಿದವರು ಕೊನೆಗೆ ಹಾಲೇ ಬೇಡ ಅಂತ ಹೊಲದಲ್ಲಿ ಸಭೆ ಮಾಡಿ ತೋರಿಸಿದ್ದರು. ಅದೇ ಪ್ರಜಾಪಕ್ಷದಿಂದ ಬಂದ ಕೆ.ಸಿ. ರೆಡ್ಡಿಯವರು 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಇಷ್ಟು ದೊಡ್ಡ ಇತಿಹಾಸವನ್ನು ಆಫೀಸಿನ ವರ್ಕ್‌ಶಾಪಿಗೆ ತಂದು ಕಟ್ಟೋದು ಆನೆ ಸರಪಳಿಯಿಂದ ಮೇಕೆ ಕಟ್ಟಿದ ಹಾಗೆ ಅನ್ನಿಸಬಹುದು. ಆದರೆ ಒಂದು ಕೆಲಸದಲ್ಲಿ ನನಗೆ ಈ ಮೂರೂ ನೆರವಿಗೆ ಬಂದವು. ಕಬ್ಬು ಬೆಳೆಗಾರರಿಗೆ ಕಟಾವಿನ ಸರದಿ, ತೂಕದ ಚೀಟಿ, ಹಣ ಜಮೆಯಾದ ವಿವರ ಎಲ್ಲ ಫೋನಿನಲ್ಲೇ ಸಿಗುವ ಹಾಗೆ ಮಾಡುವ ಪ್ರಾಜೆಕ್ಟು. ಎರಡು ದಿನದ ವರ್ಕ್‌ಶಾಪ್ ನಡೆಸುವ ಹೊಣೆ ನನ್ನ ತಲೆಗೆ ಬಂತು.

ಮೊದಲು ಒಂದೇ ಪ್ರಶ್ನೆ ಬರೆದೆ: 'ಕಬ್ಬು ಗಾಡಿ ಏರಿದ ಮೇಲೆ ದುಡ್ಡು ಕೈಗೆ ಬರೋವರೆಗೆ ರೈತ ಎಲ್ಲೆಲ್ಲಿ ಕಾಯ್ತಾನೆ?' ಒಂದು ವಾರ ಮುಂಚೆ ಅದನ್ನು ಎಲ್ಲರಿಗೂ ಕಳಿಸಿ, ಬರುವಾಗ ಉತ್ತರ ಬರೆದುಕೊಂಡೇ ಬನ್ನಿ ಅಂದೆ. ದಿನವನ್ನು ಕಟಾವಿನ ಭರ ಇಳಿದ ಮೇಲೆ ಇಟ್ಟೆ. ಜಾಗ ಬೆಂಗಳೂರು ಬೇಡ, ಮಂಡ್ಯ ಅಂದೆ. ಕರೆಯುವವರ ಪಟ್ಟಿಯಲ್ಲಿ ತೂಕದ ಸೇತುವೆಯ ಗುಮಾಸ್ತ, ಕಟಾವಿನ ಗ್ಯಾಂಗಿನ ಮೇಸ್ತ್ರಿ, ಮಳವಳ್ಳಿ, ಮದ್ದೂರು ಕಡೆಯ ಆರು ಜನ ರೈತರನ್ನು ಸೇರಿಸಿದೆ. ಆ ಆರರಲ್ಲಿ ಇಬ್ಬರು ಹೆಂಗಸರು. ದಿನಗೂಲಿ ಕಳೆದುಕೊಂಡು ಬರುವವರಿಗೆ ಆ ದಿನದ ಕೂಲಿ, ಬಸ್ ಚಾರ್ಜು ಬಜೆಟ್ಟಿನಲ್ಲೇ ಹಾಕಿಸಿದೆ. ಬಿರಿಯಾನಿಯಲ್ಲಿ ಉಳಿಸಿದ ದುಡ್ಡು ಅದಕ್ಕೆ ಸಾಕಾಯ್ತು.

ಒಳಗೆ ನಿಯಮ ಎರಡೇ. ಮಾತು ಕನ್ನಡದಲ್ಲಿ. ಸಂಬಳ ಜಾಸ್ತಿ ಇರುವವರು ಕೊನೆಗೆ ಮಾತಾಡಬೇಕು. ಐದೈದು ಜನರ ಗುಂಪು ಮಾಡಿ ಸರದಿಗೊಂದು, ತೂಕಕ್ಕೊಂದು, ಹಣಕ್ಕೊಂದು ಅಂತ ಹಂಚಿದೆ. ಮುಕ್ಕಾಲು ಗಂಟೆ ಕೆಲಸ, ಆಮೇಲೆ ಎಲ್ಲರ ಮುಂದೆ ವರದಿ. ಮೊದಲ ದಿನ ಮಧ್ಯಾಹ್ನ ನಮ್ಮ ಹುಡುಗ ಲಾಗಿನ್ ಹೆಂಗಿರುತ್ತೆ ಅಂತ ತೋರಿಸ್ತಿದ್ದ. ಪಹಣಿ ಯಾರ ಹೆಸರಿಗಿದೆಯೋ ಅವರ ಮೊಬೈಲಿಗೆ ಓಟಿಪಿ. ಹಲಗೂರು ಕಡೆಯಿಂದ ಬಂದಿದ್ದ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: 'ಸಾರ್, ಪಾಣಿ ನಮ್ಮಾವನ ಹೆಸ್ರಲ್ಲದೆ. ಫೋನು ನಮ್ಮನೆಯವ್ರ ಜೋಬಲ್ಲದೆ. ಗದ್ದೇಲಿ ಗೇಯೋಳು ನಾನು. ನಿಮ್ ನಂಬ್ರು ಯಾರಿಗ್ ಬತ್ತದೆ?'

ರೂಮು ತಣ್ಣಗಾಯ್ತು. ಆ ಒಂದು ಪ್ರಶ್ನೆಗೆ ಮಾರನೇ ದಿನದ ಅರ್ಧ ವೇಳೆ ಹೋಯ್ತು. ಒಂದು ಖಾತೆಗೆ ಒಂದೇ ಫೋನು ಅನ್ನೋ ವಿನ್ಯಾಸ ಬಿದ್ದುಹೋಯ್ತು. ಮನೆಯ ಮೂರು ನಂಬರಿಗೆ ಮಾಹಿತಿ ಹೋಗುವ ಹಾಗೆ, ಸಾದಾ ಫೋನಿಗೆ ಕನ್ನಡದ ಧ್ವನಿ ಸಂದೇಶ ಬರುವ ಹಾಗೆ ಮಾಡಬೇಕು ಅಂತ ತೀರ್ಮಾನವಾಯ್ತು. ಕೋಡ್ ಬರೆಯೋದಕ್ಕೆ ಮುಂಚೆಯೇ ಇದು ಗೊತ್ತಾದದ್ದರಿಂದ ಎಷ್ಟು ತಿಂಗಳ ಕೆಲಸ ಉಳಿಯಿತು ಅಂತ ಈ ಕಸುಬಿನಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಕೊನೆಯ ಒಂದು ಗಂಟೆಯಲ್ಲಿ ಹೊಸ ಮಾತಿಗೆ ಜಾಗ ಇಡಲಿಲ್ಲ. ಒಂದು ರಿಜಿಸ್ಟರ್ ಪುಸ್ತಕದಲ್ಲಿ ಮೂರು ಕಾಲಂ: ಏನು, ಯಾರು, ಯಾವಾಗ. 'ಟೀಮ್' ಅಂತ ಬರೆಯೋ ಹಾಗಿಲ್ಲ, ಮನುಷ್ಯರ ಹೆಸರೇ ಬೇಕು. ಇತ್ಯರ್ಥ ಆಗದ ಮೂರು ವಿಷಯಗಳನ್ನು ಬೇರೆ ಪುಟದಲ್ಲಿ ಬರೆದಿಟ್ಟೆವು. ಎಲ್ಲವನ್ನೂ ಜೋರಾಗಿ ಓದಿ ಹೇಳಿದ ಮೇಲೆ ಎದ್ದೆವು. ಪುಸ್ತಕ ಇಟ್ಟುಕೊಂಡು ಕೇಳುವ ಕೆಲಸವನ್ನು ಬಾಸಿಗೆ ಕೊಡದೆ, ಟೀಮಿನಲ್ಲಿ ಎಲ್ಲರಿಗಿಂತ ಕಿರಿಯ ಹುಡುಗಿಗೆ ವಹಿಸಿದೆವು. ಅವಳಿಗೆ ಸೌಡಿ ಮೇಡಂ ಅಂತಲೇ ಹೆಸರು ಬಿತ್ತು. ನಲವತ್ತು ದಿನದ ನಂತರ ಅದೇ ಜನ ಮತ್ತೆ ಮಂಡ್ಯದಲ್ಲಿ ಸೇರಿದಾಗ ಅವಳು ಪುಸ್ತಕ ಬಿಚ್ಚಿ ಹೆಸರು ಹಿಡಿದು ಕೂಗಿದಳು. ಹದಿನಾಲ್ಕರಲ್ಲಿ ಒಂಬತ್ತು ಆಗಿತ್ತು. ಎರಡನ್ನು ಬೇಡ ಅಂತ ಕೈಬಿಟ್ಟೆವು, ಮೂರಕ್ಕೆ ಹೊಸ ತಾರೀಖು ಬಿತ್ತು.

ಹಲಗೂರಿನ ಅಕ್ಕ ಅವತ್ತು ತಮ್ಮೂರಿನ ಇನ್ನಿಬ್ಬರನ್ನು ಕರೆತಂದಿದ್ದರು. ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಇನ್ನೆರಡು ಕುರ್ಚಿ ತರಿಸಿ ಹಾಕಿದೆವು.